ಎತ್ತುವಲ್ಲಿ, ಇಡುವಲ್ಲಿ, ಬಿಡುವಲ್ಲಿ ಎಚ್ಚರ

ಜೈನ ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಕೊನೆಯ ಎರಡು ನಮ್ಮ ಕಾಲಕ್ಕೆಂದೇ ಹೇಳಿದಂತಿವೆ. ಪಿಂಛಿಯನ್ನಾಗಲಿ ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಎತ್ತುವಾಗಲೂ ಇಡುವಾಗಲೂ ಯಾವ ಜೀವಿಗೂ ನೋವಾಗದಂತೆ ನೋಡಿಕೊಳ್ಳುವುದು ಆದಾನನಿಕ್ಷೇಪಣ ಸಮಿತಿ. ದೇಹದ ಮಲವನ್ನು ಜಂತುಗಳಿಲ್ಲದ ಸ್ಥಳದಲ್ಲಿ ಮಾತ್ರ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಬೇಡವಾದುದನ್ನು ಎಲ್ಲಿ, ಹೇಗೆ ಬಿಡಬೇಕೆಂಬುದನ್ನೂ ಅಹಿಂಸೆಯ ಅಂಗವಾಗಿ ಕಂಡ ಪರಂಪರೆ ಇದು.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನ ಪ್ರಾಥಮಿಕ ಶಾಲೆಯ ಅಂಗಳವನ್ನು ಈ ದೃಷ್ಟಿಯಿಂದ ನೋಡೋಣ. ಹುಟ್ಟುಹಬ್ಬದಂದು ಹಂಚಿದ ಚಾಕೊಲೇಟಿನ ಹೊದಿಕೆ, ಚಿಪ್ಸ್ ಪೊಟ್ಟಣ, ಬರೆದು ಮುಗಿದ ಪೆನ್ನು ಇವೆಲ್ಲ ಕೊನೆಗೆ ಸೇರುವುದೆಲ್ಲಿ? ಒಂದೋ ಆವರಣದ ಮೂಲೆಯಲ್ಲಿ ಬೆಂಕಿಗೆ, ಇಲ್ಲವೇ ಮುಂಗಾರಿನ ಮೊದಲ ಮಳೆಯೊಡನೆ ಹಳ್ಳಕ್ಕೆ. ಸುಟ್ಟರೆ ಆ ವಿಷದ ಹೊಗೆ ಮಕ್ಕಳ ಉಸಿರನ್ನೇ ಸೇರುತ್ತದೆ; ಬಿಟ್ಟರೆ ಮಣ್ಣು, ನೀರು ಕೆಡುತ್ತವೆ, ಮೇಯಲು ಬಂದ ಹಸುವಿನ ಹೊಟ್ಟೆ ಕಟ್ಟುತ್ತದೆ. ಪೃಥ್ವಿ, ಜಲ, ಅಗ್ನಿ, ವಾಯುಕಾಯದ ಏಕೇಂದ್ರಿಯ ಜೀವಗಳಿಂದ ಪಂಚೇಂದ್ರಿಯದ ಪಶುವಿನವರೆಗೆ ಆ ಒಂದು ಪೊಟ್ಟಣದ ಹಿಂಸೆ ಚಾಚಿಕೊಳ್ಳುತ್ತದೆ.

ಕಾನೂನು ಇಲ್ಲವೆಂದಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧವಿದೆ. ಪ್ಲಾಸ್ಟಿಕ್ ಬಾವುಟವೂ ಆ ಪಟ್ಟಿಯಲ್ಲಿದೆ. ಆದರೆ ಅಂಗಡಿಯಲ್ಲಿ ತೂಗಾಡುವ ತಿನಿಸಿನ ಪೊಟ್ಟಣ ಆ ಪಟ್ಟಿಯಲ್ಲಿಲ್ಲ. ಕಾನೂನು ನಿಲ್ಲುವ ಎಡೆಯಲ್ಲಿ ವ್ರತ ಆರಂಭವಾಗಬೇಕು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವನ್ನು ಸೇರಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಅನ್ನದಂತೆ. ಮತ್ತೆ ಮತ್ತೆ ಬಳಸುವಂಥದು ಉಪಭೋಗ, ಬಟ್ಟೆಯಂತೆ. ಎರಡಕ್ಕೂ ಮಿತಿಯನ್ನು ತಾನೇ ಹಾಕಿಕೊಳ್ಳುವುದು ವ್ರತ. ಇಂದಿನ ತೊಡಕಿನ ಮೂಲ ಇಲ್ಲಿ ಸ್ಪಷ್ಟವಾಗುತ್ತದೆ. ಲೋಟ ಸ್ವಭಾವತಃ ಉಪಭೋಗದ ವಸ್ತು. ಅದನ್ನು ನಾವು ಭೋಗದ ವಸ್ತುವಾಗಿಸಿದ್ದೇವೆ. ಅನ್ನದಂತೆ ಒಮ್ಮೆಗೇ ಮುಗಿಸುತ್ತೇವೆ, ಆದರೆ ಅದು ಅನ್ನದಂತೆ ಮಣ್ಣಾಗುವುದಿಲ್ಲ. ಪ್ಲಾಸ್ಟಿಕ್ ಬಿಟ್ಟು ಕಾಗದದ ಲೋಟ ಹಿಡಿದರೂ ಭೋಗಬುದ್ಧಿ ಅಳಿಯದು. ಅದರ ಒಳಮೈಗೂ ಪ್ಲಾಸ್ಟಿಕ್ ಲೇಪವಿರುತ್ತದೆ.

ಈ ಪಾಠವನ್ನು ಯಾರು ಯಾರಿಗೆ ಹೇಳಬೇಕು? ಸರ್ಕಾರಿ ಶಾಲೆಯ ಮಗು ಅಕ್ಷರದಾಸೋಹದ ಊಟವನ್ನು ಸ್ಟೀಲ್ ತಟ್ಟೆಯಲ್ಲಿ ಉಣ್ಣುತ್ತದೆ, ಕ್ಷೀರಭಾಗ್ಯದ ಹಾಲನ್ನು ಲೋಟದಲ್ಲಿ ಕುಡಿಯುತ್ತದೆ, ತೊಳೆದಿಡುತ್ತದೆ. ನಮ್ಮ ಆರಾಧನೆ, ಮಹೋತ್ಸವ, ಮದುವೆಗಳ ಭೋಜನದ ಪಂಕ್ತಿಯಲ್ಲಾದರೋ ಎಲೆಗೊಂದು ನೀರಿನ ಬಾಟಲಿ, ಸಿಹಿಗೊಂದು ಬಟ್ಟಲು. ನೀರನ್ನು ಸೋಸಿ ಕುಡಿಯುವ ಸಮಾಜ ಅದೇ ನೀರನ್ನು ಎಸೆಯುವ ಬಾಟಲಿಯಲ್ಲಿ ಹಂಚುತ್ತಿದೆ. ಅಪರಿಗ್ರಹವನ್ನು ಮಕ್ಕಳಿಗೆ ಬೋಧಿಸುವ ಮೊದಲು ಈ ಪಂಕ್ತಿ ಬದಲಾಗಬೇಕು.

ಶಾಲೆಯಲ್ಲಿ ಮಾಡಬಹುದಾದುದು ದೊಡ್ಡದೇನಲ್ಲ. ಒಂದು ವಾರದ ಕಸವನ್ನು ಸುಡದೆ ಬೇರ್ಪಡಿಸಿಟ್ಟು, ಯಾವುದು ಹೆಚ್ಚೆಂದು ಮಕ್ಕಳೇ ಎಣಿಸಲಿ. ಮುಂದಿನ ತಿಂಗಳ ಮಿತಿಯನ್ನು ಅವರೇ ಗೊತ್ತುಮಾಡಲಿ. ತಾನೇ ಹಾಕಿಕೊಂಡ ಮಿತಿ ಪರಿಮಾಣವ್ರತದ ಮೊದಲ ಪಾಠ. ದಂಡ ಹಾಕಿ ಅದನ್ನು ಕಲಿಸಲಾಗದು. ಹುಟ್ಟುಹಬ್ಬಕ್ಕೆ ಬಾಳೆಹಣ್ಣೋ ಕಡಲೆಕಾಯಿ ಉಂಡೆಯೋ ಸಾಕು. ಅನುಕೂಲವುಳ್ಳವರು ಶಾಲೆಗೊಂದು ಪುಸ್ತಕ ಕೊಡಲಿ. ಅಡುಗೆಮನೆಯ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ಕೊನೆಗೂ ಉಳಿಯುವ ಪ್ಲಾಸ್ಟಿಕ್ಕನ್ನು ಒಣಕಸವಾಗಿ ಕೂಡಿಟ್ಟು ಗ್ರಾಮ ಪಂಚಾಯಿತಿಗೆ ಒಪ್ಪಿಸಬೇಕು.

ಒಂದು ಎಚ್ಚರ ಮಾತ್ರ ಅಗತ್ಯ. ಕಾಫಿ ತೋಟದ ಕೆಲಸಕ್ಕೆ ಬೆಳಿಗ್ಗೆಯೇ ಹೊರಡುವ ತಾಯಿ ಮಗುವಿನ ಕೈಗೆ ಐದು ರೂಪಾಯಿಯ ಪೊಟ್ಟಣ ಕೊಟ್ಟಿದ್ದರೆ, ಆ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ನಾಚಿಸಬಾರದು. ಎಳೆಯ ಮನಸ್ಸನ್ನು ನೋಯಿಸಿ ಸಾಧಿಸಿದ ಸ್ವಚ್ಛತೆ ಅಹಿಂಸೆಯಲ್ಲ. ಭಾಷಾ ಸಮಿತಿಯೂ ಆ ಐದರಲ್ಲಿ ಒಂದೆಂಬುದನ್ನು ಗುರುಗಳೂ ಹಿರಿಯರೂ ಮರೆಯಬಾರದು.

ಇದೇ ತಾಲ್ಲೂಕಿನ ಹಳೇಬೀಡಿನಲ್ಲಿ, ದಂಡನಾಯಕ ಗಂಗರಾಜನ ಸ್ಮರಣೆಗಾಗಿ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದರ ನುಣುಪು ಕಂಬಗಳಲ್ಲಿ ಇಂದಿಗೂ ನೋಡುವವರ ಪ್ರತಿಬಿಂಬ ಮೂಡುತ್ತದೆ. ಉಳಿಯಲೆಂದು ಶ್ರದ್ಧೆಯಿಂದ ಕಡೆದ ಕಲ್ಲು ಅದು. ನಾವಾದರೋ ಗಳಿಗೆಯ ರುಚಿಗಾಗಿ, ಉಳಿಯಬಾರದ್ದನ್ನು ಉಳಿಸಿಹೋಗುತ್ತಿದ್ದೇವೆ. ಮುಂದಿನ ಆರಾಧನೆಯ ಪಂಕ್ತಿಯಲ್ಲಿ ತೊಳೆದ ಲೋಟ ಬರಲಿ; ಶಾಲೆಯ ಮಕ್ಕಳಿಗೆ ಹೇಳುವ ಮಾತಿಗೆ ಆಗ ಬೆಲೆ ಬಂದೀತು.