ಗುಡ್ಡ ಕುಸಿದಾಗ ಮಾತ್ರ ನೆನಪಾಗುವ ಭೂವಿಜ್ಞಾನ

ಬೆಂಗಳೂರು: ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಗಂಗಾವಳಿ ನದಿಯವರೆಗೂ ಕುಸಿದು ಬಿದ್ದಾಗ ರಾಜ್ಯಕ್ಕೆ ಭೂವಿಜ್ಞಾನಿಗಳ ನೆನಪಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗಲೂ ಹೀಗೆಯೇ ಆಗಿತ್ತು. ಮಳೆ ನಿಂತೊಡನೆ ಆ ನೆನಪೂ ಮಾಸುತ್ತದೆ.

ಪಿಯು ವಿಜ್ಞಾನ ಮುಗಿಸಿದವರ ದೃಷ್ಟಿಯೆಲ್ಲ ಸಿಇಟಿ ಹಾಗೂ ನೀಟ್ ಮೇಲೆ ನೆಟ್ಟಿರುವಾಗ ಭೂವಿಜ್ಞಾನವನ್ನು ಮೊದಲ ಆಯ್ಕೆಯಾಗಿ ಕೇಳುವವರು ವಿರಳ. ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರಿ ಫಲವಿಲ್ಲ. ಈ ಶಾಸ್ತ್ರವೆಂದರೆ ಗಣಿಗಾರಿಕೆ ಎಂಬ ಭಾವನೆಯನ್ನು ಬೆಳೆಸಿದ್ದು ಸರ್ಕಾರಗಳೇ. ಮೈಸೂರು ಸಂಸ್ಥಾನವು 1894ರಲ್ಲಿ ಭೂವಿಜ್ಞಾನ ಇಲಾಖೆ ಆರಂಭಿಸಿದಾಗ ಕೋಲಾರದ ಚಿನ್ನ ಕಣ್ಣೆದುರಿಗಿತ್ತು. ಅದರ ಉತ್ತರಾಧಿಕಾರಿಯ ಹೆಸರು ಇಂದಿಗೂ ‘ಗಣಿ ಮತ್ತು ಭೂವಿಜ್ಞಾನ ಇಲಾಖೆ’. ಗಣಿ ಮೊದಲು, ವಿಜ್ಞಾನ ನಂತರ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ನಡೆದಿದೆಯಾದರೂ ಒಂದು ಗಣಿಯನ್ನು ನಂಬಿ ಎಷ್ಟು ಮಂದಿ ಎಂ.ಎಸ್ಸಿ. ಓದಿಯಾರು?

ಹಾಗೆ ನೋಡಿದರೆ ಈ ವಿಷಯದ ಅಧ್ಯಯನಕ್ಕೆ ಕರ್ನಾಟಕದಷ್ಟು ಅನುಕೂಲವಾದ ನೆಲ ದೇಶದಲ್ಲಿ ಹೆಚ್ಚಿಲ್ಲ. ಲಾಲ್‌ಬಾಗ್‌ನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ಒಂದು ಕಾಲಕ್ಕೆ ನೀರಿನಡಿ ಉಕ್ಕಿದ ಲಾವಾ ದಿಂಬುಗಳನ್ನು ಪೇರಿಸಿಟ್ಟಂತೆ ಗಟ್ಟಿಯಾಗಿ ನಿಂತಿದೆ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಸುತ್ತಿಗೆ, ದಿಕ್ಸೂಚಿ, ನಕ್ಷೆ ಹಿಡಿದು ವಾರಗಟ್ಟಲೆ ಬಿಸಿಲಿನಲ್ಲಿ ಅಲೆದು ಶಿಲಾಪದರಗಳ ದಿಕ್ಕನ್ನೂ ಓರೆಯನ್ನೂ ಅಳೆಯುವ ಕ್ಷೇತ್ರಕಾರ್ಯವೇ ಈ ಶಿಕ್ಷಣದ ಜೀವಾಳ. ಅದನ್ನು ತರಗತಿಯ ಪರದೆಯ ಮೇಲೆ ಕಲಿಸಲಾಗದು.

ಇದೇ ಅಳತೆ ಹೆದ್ದಾರಿಗೂ ಬೇಕು. ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ ಕೆಳಗಿನ ಗಟ್ಟಿ ಶಿಲೆಯ ಮೇಲೆ, ಶಿಥಿಲಗೊಂಡ ಕಲ್ಲು ಮತ್ತು ಮಣ್ಣಿನ ದಪ್ಪ ಹೊದಿಕೆ ಇರುತ್ತದೆ. ರಸ್ತೆಗಾಗಿ ಬುಡವನ್ನು ಕಡಿದಾಗಿ ಕತ್ತರಿಸಿದರೆ ಆ ಹೊದಿಕೆಗೆ ಆಧಾರ ತಪ್ಪುತ್ತದೆ. ಮಳೆನೀರು ಇಂಗಿ ಒತ್ತಡ ಹೆಚ್ಚಿದಾಗ ಜಾರುತ್ತದೆ. ಎಲ್ಲಿ ಕತ್ತರಿಸಬಹುದು, ನೀರನ್ನು ಎತ್ತ ಹರಿಸಬೇಕು ಎಂದು ಕಾಮಗಾರಿಗೆ ಮುನ್ನವೇ ಹೇಳಬಲ್ಲವರು ಬೇಕು. ಕುಸಿದ ನಂತರ ವರದಿ ಬರೆಯುವವರಿಂದ ಪ್ರಾಣಗಳು ಮರಳವು. ಬಯಲುಸೀಮೆಯಲ್ಲಿ ಕೊಳವೆಬಾವಿಯ ಜಾಗ ತೋರಿಸಲು ತೆಂಗಿನಕಾಯಿ ಹಿಡಿದವರನ್ನು ಕರೆತರುವ ರೈತನ ಪಾಡೂ ಬೇರೆಯಲ್ಲ. ಗಟ್ಟಿಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಶಿಥಿಲ ಪದರದಲ್ಲಿ ಎಂಬುದು ಪದವಿ ಪಠ್ಯದ ಮೊದಲ ಪಾಠಗಳಲ್ಲೊಂದು.

ಆದರೆ ಓದಿದವರಿಗೆ ಎದುರಾಗುವ ಬಾಗಿಲು ಕಿರಿದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹಾಗೂ ಕೇಂದ್ರೀಯ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿ ಪರೀಕ್ಷೆಯಿದೆ. ಸ್ನಾತಕೋತ್ತರ ಪದವಿಯ ನಂತರ ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಹಂತಗಳನ್ನು ದಾಟಬೇಕು, ಪೈಪೋಟಿ ಇಡೀ ದೇಶದೊಡನೆ. ಮಲೆನಾಡು, ಕರಾವಳಿಯ ಪ್ರತಿ ಜಿಲ್ಲಾಡಳಿತದಲ್ಲೂ ಇಳಿಜಾರುಗಳ ಮೇಲೆ ನಿಗಾ ಇಡಲೆಂದೇ ಒಬ್ಬ ಭೂವಿಜ್ಞಾನಿಯನ್ನು ನೇಮಿಸಿ, ರಸ್ತೆ ಹಾಗೂ ಬಡಾವಣೆಗಳ ನಕ್ಷೆಗೆ ಅವರ ಸಹಿ ಕಡ್ಡಾಯಗೊಳಿಸಿದರೆ ಬೊಕ್ಕಸಕ್ಕೆ ಬೀಳುವ ಹೊರೆ ದೊಡ್ಡದೇನಲ್ಲ. ಶಿರೂರಿನಲ್ಲಿ ಮಣ್ಣು ತೆಗೆಯುವ, ಕಾಣೆಯಾದವರನ್ನು ಹುಡುಕುವ ಕೆಲಸವೇ ಸೆಪ್ಟೆಂಬರ್‌ವರೆಗೂ ಎಳೆದಿತ್ತು.