ಹಾಡಿಗೂ ಪಂಕ್ತಿಭೇದವೇ?

ಅಮೆರಿಕದ ಕಪ್ಪು ಗಾಯಕಿ ಟ್ರೇಸಿ ಚಾಪ್‌ಮನ್ ಬರೆದು ಹಾಡಿದ 'ಫಾಸ್ಟ್ ಕಾರ್' ಹೊರಬಂದದ್ದು 1988ರಲ್ಲಿ. ಬಡತನ, ಕುಡುಕ ತಂದೆ, ಊರು ಬಿಡುವ ಹಂಬಲ — 'ಕಂಟ್ರಿ' ಸಂಗೀತದವರು ತಮ್ಮದೆನ್ನುವ ಸರಕೆಲ್ಲ ಅದರಲ್ಲಿತ್ತು. ಸಾಮಾನ್ಯ ಜನಪ್ರಿಯತೆಯ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ಕಂಟ್ರಿ ಪಟ್ಟಿಯಲ್ಲಿ ಮಾತ್ರ ಸುಳಿವಿಲ್ಲ. 2023ರಲ್ಲಿ ಬಿಳಿಯ ಗಾಯಕ ಲ್ಯೂಕ್ ಕೋಂಬ್ಸ್ ಅದನ್ನೇ ಹೆಚ್ಚುಕಡಿಮೆ ಇದ್ದಂತೆಯೇ ಹಾಡಿದರು. ಕಂಟ್ರಿ ರೇಡಿಯೋ ಪಟ್ಟಿಯಲ್ಲಿ ಮೊದಲ ಸ್ಥಾನ! ಕಂಟ್ರಿ ಸಂಗೀತ ಸಂಘದ ವರ್ಷದ ಹಾಡಿನ ಪ್ರಶಸ್ತಿಯೂ ಚಾಪ್‌ಮನ್‌ರಿಗೆ ಬಂತು. ಕಪ್ಪು ಗೀತಕಾರರೊಬ್ಬರಿಗೆ ಅದು ಬಂದದ್ದು ಅದೇ ಮೊದಲು.

'ತಡವಾದರೂ ಸಂದಿತಲ್ಲ' ಎನ್ನುವ ಮಹನೀಯರುಂಟು. ಕೋಂಬ್ಸ್ ಮೇಲೆ ನನಗೇನೂ ಸಿಟ್ಟಿಲ್ಲ; ಚಿಕ್ಕಂದಿನಿಂದ ಮೆಚ್ಚಿದ ಹಾಡೆಂದು ಗೌರವದಿಂದಲೇ ಹೇಳಿದ್ದಾರೆ. ಆದರೆ ಆಫ್ರಿಕದ ವಾದ್ಯಗಳ ಮಾದರಿಯಲ್ಲಿ ಕಪ್ಪು ಗುಲಾಮರು ಕಟ್ಟಿದ ಬ್ಯಾಂಜೋವನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿಕೊಂಡವರು, ಈ ಹಾಡಿಗೆ ಎಲೆ ಹಾಕಲು 35 ವರ್ಷ ಯಾರ ಬರವಿಗಾಗಿ ಕಾದಿದ್ದರು?