ಅಝಾನ್ ಮಗುವಿಗೆ ಕೇಳಿಸಿತೇ?

ಮಗು ಜನಿಸಿದೊಡನೆ ಅದರ ಬಲಗಿವಿಯಲ್ಲಿ ಅಝಾನ್, ಎಡಗಿವಿಯಲ್ಲಿ ಇಕಾಮತ್ ಹೇಳುವುದು ನಮ್ಮ ಮನೆಗಳ ವಾಡಿಕೆ. ಆದರೆ ಆ ಕರೆಯು ಮಗುವಿಗೆ ಕೇಳಿಸಿತೇ ಎಂದು ವಿಚಾರಿಸುವವರೆಷ್ಟು ಮಂದಿ?

ಈ ಕ್ಷೇತ್ರದಲ್ಲಿ ನಮ್ಮ ರಾಜ್ಯವು ಹಿಂದುಳಿದಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿ ಸ್ಥಾಪನೆಗೊಂಡದ್ದು 1965ರಲ್ಲಿ. 1967ರಲ್ಲಿ ರೂಪುಗೊಂಡ ಭಾರತೀಯ ವಾಕ್ ಶ್ರವಣ ಸಂಘವು ತಜ್ಞರ ಸಮ್ಮೇಳನಗಳನ್ನು ನಡೆಸುತ್ತ ಬಂದಿದೆ. ಮಗು ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಆಗಬೇಕೆಂಬುದು ತಜ್ಞರ ಸಲಹೆ. ಭಾಷೆ ಮೊಳೆಯುವ ಕಾಲ ಕೈತಪ್ಪಿದರೆ ನಂತರದ ಶ್ರಮಕ್ಕೆ ಪೂರ್ಣ ಫಲ ದೊರೆಯದು.

ಈ ಅರಿವು ಸಮ್ಮೇಳನದ ಸಭಾಂಗಣದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮೊಹಲ್ಲಾಗಳಿಗೂ ತಲುಪಬೇಡವೇ? ‘ಇವನ ತಂದೆಯೂ ತಡವಾಗಿಯೇ ಮಾತು ಕಲಿತ’ ಎಂಬ ಸಮಾಧಾನದಲ್ಲಿ, ತಾಯಿತದ ಭರವಸೆಯಲ್ಲಿ ನಾವು ವರ್ಷಗಳನ್ನು ಕಳೆಯುತ್ತೇವೆ. ಹತ್ತಿರದ ರಕ್ತಸಂಬಂಧಿಗಳ ವಿವಾಹದಿಂದ ಹುಟ್ಟುಗಿವುಡಿನ ಸಾಧ್ಯತೆ ಹೆಚ್ಚುತ್ತದೆ. ಅಂತಹ ವಿವಾಹವು ಶರೀಅತ್‌ನಲ್ಲಿ ಅನುಮತಿಸಲ್ಪಟ್ಟಿದೆಯೇ ಹೊರತು ಕಡ್ಡಾಯವಲ್ಲ ಎಂಬುದನ್ನೂ ನಾವು ಮರೆಯಬಾರದು.

ಕೇಂದ್ರ ಸರಕಾರವು 2006-07ರಲ್ಲಿ ಕಿವುಡುತನ ತಡೆ ಕಾರ್ಯಕ್ರಮವನ್ನು ಆರಂಭಿಸಿತು. ಯೋಜನೆಯ ಸಾರ್ಥಕತೆಯನ್ನು ಅಳೆಯಬೇಕಾದುದು ತಾಲೂಕು ಆಸ್ಪತ್ರೆಯಲ್ಲಿ. ತಜ್ಞರಲ್ಲಿಯೂ ನಮ್ಮದೊಂದು ವಿನಂತಿ: ಮನೆಯಲ್ಲಿ ಉರ್ದು ಆಡುವ ತಾಯಿಗೆ ಅವಳ ಭಾಷೆಯಲ್ಲಿಯೇ ತರಬೇತಿ ಸಿಗಲಿ, ಒಂದು ಪ್ರಾದೇಶಿಕ ಸಮ್ಮೇಳನ ಚಿತ್ರದುರ್ಗದಲ್ಲಿಯೂ ನಡೆಯಲಿ.

ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌(ರ)ರಿಗೆ ಪ್ರವಾದಿ(ಸ)ಯವರು ಅಝಾನ್ ನೀಡುವ ಹೊಣೆಯನ್ನು ವಹಿಸಿದ್ದರು. ನ್ಯೂನತೆ ಅವಮಾನವಲ್ಲ, ಅದನ್ನು ಮುಚ್ಚಿಡುವುದು ಮಗುವಿಗೆ ಮಾಡುವ ಅನ್ಯಾಯ. ಮುಂದಿನ ಜುಮಾ ಖುತ್ಬಾದಲ್ಲಿ ಈ ಮಾತು ಕೇಳಿಬರಲಿ.